ಮೂರು ಗಾಲಿಯ ಮೋಟಾರು ಮತ್ತು ನಾನು ಕೊಟ್ಟ ತಪ್ಪು ಉತ್ತರ

ಈ ಸಲ ಬರೆಯುತ್ತಿರುವುದು ಚರಿತ್ರೆಯ ವಿಷಯ. ಆದರೆ ಅದರ ಹಿಂದೆ ನಾನು ಬಹುಕಾಲದಿಂದ ತೀರಿಸದೆ ಉಳಿಸಿಕೊಂಡ ಒಂದು ಸಾಲವಿದೆ. ಮೊದಲು ಅದನ್ನು ಹೇಳಿಬಿಡುತ್ತೇನೆ.

1978ರ ಮಳೆಗಾಲ. ಹತ್ತನೆಯ ತರಗತಿಗೆ ಉಷ್ಣಯಂತ್ರಗಳ ಪಾಠ ನಡೆಯುತ್ತಿತ್ತು. ಯಾವುದೋ ಪತ್ರಿಕೆಯಿಂದ ಕತ್ತರಿಸಿದ ಚಿತ್ರವೊಂದನ್ನು ಹಲಗೆಗೆ ಅಂಟಿಸಿ, "ಪ್ರಪಂಚದ ಮೊದಲ ಪೆಟ್ರೋಲ್ ಮೋಟಾರು ಕಾರು ಇದು, ಜರ್ಮನಿಯ ಕಾರ್ಲ್ ಬೆಂಜ್ ಕಟ್ಟಿದ್ದು" ಎಂದೆ. ಚಿತ್ರದಲ್ಲಿದ್ದ ಕಾರಿಗೆ ಮೂರೇ ಚಕ್ರ. ಮೂರನೆಯ ಬೆಂಚಿನಲ್ಲಿ ಕುಳಿತಿದ್ದ ಹುಡುಗನೊಬ್ಬ ಎದ್ದು, "ಮೂರೇ ಯಾಕೆ ಸಾರ್?" ಎಂದ. ಅವನ ತಂದೆ ನಮ್ಮೂರಿನಲ್ಲಿ ಎತ್ತಿನ ಗಾಡಿ ಕಟ್ಟುತ್ತಿದ್ದವರು. "ಆಗಿನ್ನೂ ಹೊಸದಲ್ಲವೇ, ಖರ್ಚು ಕಡಿಮೆಯಾಗಲಿ ಎಂದು ಒಂದು ಚಕ್ರ ಬಿಟ್ಟ" ಎಂದು ಉತ್ತರಿಸಿದೆ. ಹುಡುಗ ಕೂರಲಿಲ್ಲ. "ನಾಕು ಚಕ್ರ ಇಟ್ರೆ ಮುಂದಿನ ಅಚ್ಚು ತಿರುಗ್ಸಕ್ಕೆ ಕಷ್ಟ ಆಗ್ತಿತ್ತೇನೋ ಸಾರ್" ಎಂದ. ಪಾಠ ಮುಗಿಸುವ ಅವಸರದಲ್ಲಿದ್ದ ನಾನು, "ಗಾಡಿ ಕಟ್ಟುವವರ ಮನೆಯವನಲ್ಲವೇ, ನಿನಗೆ ಎಲ್ಲೆಲ್ಲೂ ಅಚ್ಚೇ ಕಾಣುತ್ತದೆ, ಕೂತುಕೋ" ಎಂದೆ. ತರಗತಿ ಗೊಳ್ಳೆಂದು ನಕ್ಕಿತು. ಆ ವರ್ಷವಿಡೀ ಆ ಹುಡುಗ ನನ್ನನ್ನು ಇನ್ನೊಂದು ಪ್ರಶ್ನೆ ಕೇಳಲಿಲ್ಲ.

ನಿವೃತ್ತನಾದ ಮೇಲೆ, 2011ರಲ್ಲಿ, ಮಗಳ ಮನೆಗೆಂದು ಜರ್ಮನಿಗೆ ಹೋದಾಗ ಮ್ಯೂನಿಕ್ ನಗರದ ಡಾಯ್ಚಸ್ ಮ್ಯೂಸಿಯಂ ಸಂಗ್ರಹದಲ್ಲಿರುವ ಆ ಕಾರನ್ನು ಕಣ್ಣಾರೆ ಕಂಡೆ. ಚಿತ್ರದಲ್ಲಿ ಕಾಣದ ಸಂಗತಿಗಳು ಎದುರಿಗೆ ನಿಂತಾಗ ಕಾಣುತ್ತವೆ. ಇಷ್ಟೊಂದು ಸೂಕ್ಷ್ಮವಾಗಿ ಕೆಲಸ ಮಾಡಿದ ಮನುಷ್ಯ ಒಂದು ಗಾಲಿಯ ಖರ್ಚಿಗೆ ಹಿಂಜರಿದಿರಲಾರ ಎಂದು ಆಗಲೇ ಅನ್ನಿಸಿತು. ಊರಿಗೆ ಮರಳಿದ ಮೇಲೆ ಓದುತ್ತ ಹೋದೆ. ಓದಿದಷ್ಟೂ ಮೂರನೆಯ ಬೆಂಚಿನ ಹುಡುಗನೇ ಸರಿ, ನಾನೇ ತಪ್ಪು ಎಂಬುದು ಸ್ಪಷ್ಟವಾಯಿತು.

ನಮ್ಮ ಎತ್ತಿನ ಗಾಡಿಯಿಂದಲೇ ಆರಂಭಿಸೋಣ. ಅದಕ್ಕೆ ಎರಡೇ ಗಾಲಿ. ಎರಡೂ ಅಚ್ಚಿನ ಮೇಲೆ ಬೇರೆಬೇರೆಯಾಗಿ ಉರುಳುತ್ತವೆ. ಎತ್ತುಗಳು ನೊಗವನ್ನು ಯಾವ ಕಡೆಗೆ ಎಳೆದರೆ ಮೂಕಿ ಆ ಕಡೆಗೆ, ಮೂಕಿ ಹೋದತ್ತ ಗಾಡಿ. ಅಲ್ಲಿ ಸ್ಟೀರಿಂಗ್ ಎಂಬ ಪ್ರತ್ಯೇಕ ಸಮಸ್ಯೆಯೇ ಇಲ್ಲ. ಜಟಕಾಗಾಡಿಯೂ ಹಾಗೆಯೇ. ತೊಡಕು ಆರಂಭವಾಗುವುದು ನಾಲ್ಕು ಗಾಲಿಯ ಸಾರೋಟಿನಲ್ಲಿ. ನಾಲ್ಕು ಗಾಲಿಗಳನ್ನೂ ಬಿಗಿಯಾಗಿ ಕೂರಿಸಿದರೆ ಅದು ನೇರವಾಗಿ ಹೋದೀತೇ ಹೊರತು ತಿರುಗದು. ನಮ್ಮ ದೇವಸ್ಥಾನದ ತೇರನ್ನು ಬೀದಿಯ ಮೂಲೆಯಲ್ಲಿ ತಿರುಗಿಸಲು ಗಾಲಿಗಳಿಗೆ ಮರದ ಬೆಣೆ ಕೊಟ್ಟು, ಸನ್ನೆಗೋಲು ಹಾಕಿ, ಹತ್ತಾರು ಜನ ಬೆವರು ಸುರಿಸುವುದನ್ನು ನೀವೆಲ್ಲ ನೋಡಿದ್ದೀರಿ. ಆದ್ದರಿಂದ ಸಾರೋಟು ಕಟ್ಟುವವರು ಮುಂದಿನ ಅಚ್ಚನ್ನು ಇಡಿಯಾಗಿ ನಡುವಿನ ಒಂದೇ ಕೀಲಿನ ಮೇಲೆ ಕೂರಿಸಿ, ಗಾಲಿಗಳ ಸಮೇತ ಅಚ್ಚೇ ತಿರುಗುವಂತೆ ಮಾಡಿದರು. ಯುರೋಪಿನಲ್ಲಿ ಶತಮಾನಗಳ ಕಾಲ ಈ ಏರ್ಪಾಡು ನಡೆಯಿತು.

ಅದು ನಡೆದದ್ದು ಕುದುರೆಯ ದಯೆಯಿಂದ. ಇದು ಮುಖ್ಯವಾದ ಮಾತು, ಸ್ವಲ್ಪ ನಿಧಾನವಾಗಿ ಓದಿ. ಒಂದು ಕಡೆಯ ಮುಂಗಾಲಿ ಕಲ್ಲಿಗೆ ಬಡಿದಾಗ ಆ ಹೊಡೆತ ನಡುವಿನ ಕೀಲಿನ ಸುತ್ತ ಅಚ್ಚನ್ನು ತಿರುಚಲು ನೋಡುತ್ತದೆ. ಅಚ್ಚಿನ ಅರ್ಧದುದ್ದವೇ ಆ ಹೊಡೆತಕ್ಕೆ ಸಿಗುವ ಸನ್ನೆಗೋಲು. ಸಾರೋಟಿನಲ್ಲಿ ಅಚ್ಚಿಗೆ ಸೇರಿದ ಉದ್ದನೆಯ ಮೂಕಿಯಿದೆ, ಅದರ ತುದಿಯಲ್ಲಿ ಎರಡು ಬಲಿಷ್ಠ ಕುದುರೆಗಳಿವೆ. ಅವು ಎಳೆಯುತ್ತಲೇ ಅಚ್ಚನ್ನು ನೆಟ್ಟಗೆ ಹಿಡಿದಿರುತ್ತವೆ. ಈಗ ಕುದುರೆಗಳನ್ನು ಬಿಚ್ಚಿ, ಹಿಂದಿನ ಗಾಲಿಗಳನ್ನು ಒಂದು ಎಂಜಿನ್ ತಳ್ಳುವಂತೆ ಮಾಡಿ. ಮುಂದೆ ಅಚ್ಚನ್ನು ಹಿಡಿಯುವವರು ಯಾರು? ಕುಳಿತವನ ಕೈಯೊಂದೇ. ಪ್ರತಿಯೊಂದು ಕಲ್ಲೂ ಪ್ರತಿಯೊಂದು ಗುಂಡಿಯೂ ನೇರವಾಗಿ ಅವನ ಮಣಿಕಟ್ಟಿಗೆ ಬಡಿಯುತ್ತದೆ. ಮೋಟಾರು ಕಾರಿನ ಚರಿತ್ರೆಯನ್ನು ಹೇಳುವವರೆಲ್ಲ ಎಂಜಿನ್ನಿನ ಕಥೆಯನ್ನೇ ಹೇಳುತ್ತಾರೆ. ಕುದುರೆ ಕೊಡುತ್ತಿದ್ದುದು ಬರೀ ಬಲವನ್ನಲ್ಲ, ದಿಕ್ಕನ್ನೂ ಕೊಡುತ್ತಿತ್ತು ಎಂಬುದು ಮರೆತುಹೋಗುತ್ತದೆ.

ಇನ್ನೊಂದು ಗಣಿತದ ತೊಡಕೂ ಇದೆ. ಸ್ವಾತಂತ್ರ್ಯ ದಿನದ ಕವಾಯತನ್ನು ನೆನೆಸಿಕೊಳ್ಳಿ. ಸಾಲು ಬಲಕ್ಕೆ ತಿರುಗುವಾಗ ಒಳಗಿನ ಹುಡುಗ ನಿಂತಲ್ಲೇ ಕಾಲು ಕುಟ್ಟುತ್ತಾನೆ, ಹೊರತುದಿಯ ಹುಡುಗ ಓಡಬೇಕಾಗುತ್ತದೆ. ಇಬ್ಬರೂ ಸುತ್ತುವ ವೃತ್ತಗಳ ಕೇಂದ್ರ ಒಂದೇ, ತ್ರಿಜ್ಯಗಳು ಬೇರೆ. ಗಾಡಿಯ ಎಡಬಲದ ಗಾಲಿಗಳೂ ಹಾಗೆಯೇ. ಅಚ್ಚನ್ನು ಕದಲಿಸದೆ ಗಾಲಿಗಳನ್ನು ಮಾತ್ರ ಓರೆಯಾಗಿಸುವುದಾದರೆ ಎರಡನ್ನೂ ಒಂದೇ ಕೋನಕ್ಕೆ ತಿರುಗಿಸುವಂತಿಲ್ಲ. ಉದಾಹರಣೆಗೆ, ಹಿಂದುಮುಂದಿನ ಅಚ್ಚುಗಳ ನಡುವೆ 1.5 ಮೀಟರ್, ಎಡಬಲ ಗಾಲಿಗಳ ನಡುವೆ 1.2 ಮೀಟರ್ ಇರಲಿ. ತಿರುವಿನ ಕೇಂದ್ರವು ಒಳಬದಿಯ ಹಿಂಗಾಲಿಯಿಂದ 4 ಮೀಟರ್ ದೂರದಲ್ಲಿರಲಿ. ಆಗ ಒಳಗಿನ ಮುಂಗಾಲಿ ಸುಮಾರು 20.6 ಡಿಗ್ರಿ ಓರೆಯಾಗಬೇಕು, ಹೊರಗಿನದು 16.1 ಡಿಗ್ರಿ ಮಾತ್ರ. ಟ್ಯಾನ್ಜೆಂಟ್ ಕೋಷ್ಟಕ ತೆಗೆದು ನೀವೇ ನೋಡಿಕೊಳ್ಳಬಹುದು. ನನ್ನ ವಿದ್ಯಾರ್ಥಿಗಳಿಗೆ ಅದು ಮರೆತಿದ್ದರೆ ತಪ್ಪು ನನ್ನದೇ. ಈ ನಾಲ್ಕೂವರೆ ಡಿಗ್ರಿಯ ವ್ಯತ್ಯಾಸವನ್ನು ಕಡೆಗಣಿಸಿದರೆ ಒಂದು ಗಾಲಿ ಉರುಳುವ ಬದಲು ನೆಲವನ್ನು ಉಜ್ಜುತ್ತ ಸಾಗುತ್ತದೆ, ಕೈಗೆ ಭಾರವಾಗುತ್ತದೆ.

ಬೆಂಜ್ ಈ ಗಂಟನ್ನು ಬಿಡಿಸಲಿಲ್ಲ, ಪಕ್ಕಕ್ಕಿಟ್ಟ. ಮುಂದೆ ಒಂದೇ ಗಾಲಿಯಿದ್ದರೆ ಒಳಗಿನದು ಹೊರಗಿನದು ಎಂಬ ಭೇದವಿಲ್ಲ. ಕಲ್ಲಿಗೆ ಬಡಿದರೂ ಹೊಡೆತ ತಿರುಗುವ ಕೀಲಿನ ಮೂಲಕವೇ ಹಾಯ್ದುಹೋಗುವುದರಿಂದ ಕೈಗೆ ತಿರುಚು ಬಾರದು. ಆತನಿಗೆ ಬೈಸಿಕಲ್ಲಿನ ಪರಿಚಯ ಚೆನ್ನಾಗಿತ್ತು. ತಾರುಣ್ಯದಲ್ಲಿ ಅದನ್ನು ಓಡಿಸಿದ್ದ, ಆತನ ಉದ್ಯಮದ ಪಾಲುದಾರರೂ ಬೈಸಿಕಲ್ ವ್ಯಾಪಾರದವರಾಗಿದ್ದರು. ಹೀಗಾಗಿ ತಂತಿಕಡ್ಡಿಯ ಗಾಲಿಗಳು, ಮುಂಗಾಲಿಗೆ ಕವಲು, ಅದನ್ನು ತಿರುಗಿಸಲು ನೆಟ್ಟನೆಯ ಕಂಬದ ತುದಿಯಲ್ಲಿ ಒಂದು ಪುಟ್ಟ ಹಿಡಿಕೆ, ಕಂಬದ ಬುಡದಲ್ಲಿ ಹಲ್ಲುಗಾಲಿ ಮತ್ತು ಹಲ್ಲುಪಟ್ಟಿ. ಎಂಜಿನ್ನಿನ ಶಕ್ತಿ ಮುಕ್ಕಾಲು ಅಶ್ವಶಕ್ತಿ, ವೇಗ ಗಂಟೆಗೆ ಹೆಚ್ಚೆಂದರೆ 16 ಕಿಲೋಮೀಟರ್. ಹಿಂದಿನ ಎರಡು ಗಾಲಿಗಳು ತಿರುವಿನಲ್ಲಿ ಬೇರೆಬೇರೆ ವೇಗದಲ್ಲಿ ಉರುಳುವಂತೆ ಡಿಫರೆನ್ಷಿಯಲ್ ಕೂಡ ಇಟ್ಟಿದ್ದ. ಕವಾಯತಿನ ಹುಡುಗರ ಸಂಗತಿ ಆತನಿಗೆ ತಿಳಿದಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ!

ಮ್ಯೂನಿಕ್‌ನಲ್ಲಿ ನನ್ನನ್ನು ಬಹಳ ಹೊತ್ತು ನಿಲ್ಲಿಸಿದ್ದು ಇನ್ನೊಂದು ಭಾಗ. ಕಾರಿನ ಹಿಂಬದಿಯಲ್ಲಿ ಎಂಜಿನ್ನಿನ ದೊಡ್ಡ ಫ್ಲೈವೀಲ್ ಬೀಸುವ ಕಲ್ಲಿನಂತೆ ನೆಲಕ್ಕೆ ಸಮಾನಾಂತರವಾಗಿ ಮಲಗಿದೆ. ಅದನ್ನು ಏಕೆ ಹಾಗೆ ಮಲಗಿಸಿದ? ಬೈಸಿಕಲ್ ಗಾಲಿಯ ಅಚ್ಚನ್ನು ಎರಡು ಕೈಗಳಲ್ಲಿ ಹಿಡಿದು, ಗಾಲಿಯನ್ನು ರಭಸವಾಗಿ ತಿರುಗಿಸಿ, ಆಮೇಲೆ ಎಡಕ್ಕೆ ಬಲಕ್ಕೆ ಹೊರಳಿಸಿ ನೋಡಿ ಎಂದು ನಾನು ತರಗತಿಯಲ್ಲಿ ಮಾಡಿಸುತ್ತಿದ್ದ ಪ್ರಯೋಗ ಕೆಲವರಿಗಾದರೂ ನೆನಪಿರಬೇಕು. ಗಾಲಿ ಹೇಳಿದ ಮಾತು ಕೇಳದು, ಬೇರೆಯೇ ಕಡೆಗೆ ವಾಲುತ್ತದೆ. ನಿಂತು ತಿರುಗುವ ಭಾರದ ಚಕ್ರ ಕಾರಿನಲ್ಲಿದ್ದರೆ ತಿರುವಿನಲ್ಲಿ ಅದೇ ಹಟ ಮಾಡಿ ಸ್ಟೀರಿಂಗನ್ನು ಕೆಡಿಸೀತೆಂದು ಬೆಂಜ್ ಅಂಜಿದ್ದ. ಮಲಗಿ ತಿರುಗುವ ಚಕ್ರದ ಅಕ್ಷ ನೆಟ್ಟಗಿರುತ್ತದೆ. ಕಾರು ಹೊರಳುವುದೂ ಅಂಥದೇ ಅಕ್ಷದ ಸುತ್ತ. ಆದ್ದರಿಂದ ತಕರಾರಿಲ್ಲ. ಅಷ್ಟು ಕಡಿಮೆ ವೇಗದಲ್ಲಿ ಈ ಭಯ ಅತಿಯಾದದ್ದೇ, ಮುಂದಿನ ಕಾರುಗಳಲ್ಲಿ ಆತನೇ ಚಕ್ರವನ್ನು ಎಬ್ಬಿಸಿ ನಿಲ್ಲಿಸಿದ. ಆದರೂ ಮೊದಲ ಕಾರಿನಲ್ಲೇ ಇಷ್ಟು ದೂರ ಯೋಚಿಸಿದವನ ಬಗ್ಗೆ "ಖರ್ಚು ಉಳಿಸಿದ" ಎಂದು ಪಾಠ ಹೇಳಿದೆನಲ್ಲ ಎಂದು ಅಲ್ಲಿಯೇ ನಾಚಿಕೆಯಾಯಿತು.

ಮೊದಲ ಪರೀಕ್ಷೆಗಳು ನಡೆದದ್ದು 1885ರಲ್ಲಿ, ಮ್ಯಾನ್‌ಹೈಮ್ ಊರಿನ ಆತನ ಕಾರ್ಖಾನೆಯ ಅಂಗಳದಲ್ಲಿ. ನೋಡಲು ಬಂದವರ ಮುಂದೆ ಓಡಿಸುವಾಗ ಗಾಡಿ ಹಿಡಿತ ತಪ್ಪಿ ಗೋಡೆಗೆ ಗುದ್ದಿತೆಂಬ ವೃತ್ತಾಂತವಿದೆ. ನೂರಕ್ಕೂ ಹೆಚ್ಚು ವರ್ಷ ಮೊದಲು ಫ್ರಾನ್ಸಿನಲ್ಲಿ ಕ್ಯೂನ್ಯೋ ಎಂಬಾತ ಕಟ್ಟಿದ ಹಬೆಯ ಗಾಡಿಗೂ ಮುಂದೆ ಒಂದೇ ಗಾಲಿ. ಅದೂ ಗೋಡೆಯೊಂದನ್ನು ಕೆಡವಿತೆಂದು ಹೇಳುತ್ತಾರೆ, ಆದರೆ ಆ ಕಥೆಯನ್ನು ಇತಿಹಾಸಕಾರರು ಪೂರ್ತಿ ನಂಬುವುದಿಲ್ಲ. ಇರಲಿ. ಬೆಂಜ್‌ನ ಪೇಟೆಂಟ್ ಅರ್ಜಿಯ ದಿನಾಂಕ 1886ರ ಜನವರಿ 29. ಅದೇ ವರ್ಷದ ಜುಲೈ 3ರಂದು ಮ್ಯಾನ್‌ಹೈಮಿನ ರಿಂಗ್ ರಸ್ತೆಯಲ್ಲಿ ಸಾರ್ವಜನಿಕರ ಎದುರು ಕಾರು ಓಡಿತು. ಪೆಟ್ರೋಲ್ ಮುಗಿದರೆ ಇರಲೆಂದು ಮಗ ಓಯ್ಗನ್ ಬಾಟಲಿ ಹಿಡಿದು ಪಕ್ಕದಲ್ಲಿ ಓಡುತ್ತಿದ್ದನಂತೆ.

ನಿಜವಾದ ಪರೀಕ್ಷೆ ಮಾಡಿದವಳು ಆತನ ಪತ್ನಿ ಬೆರ್ತಾ. 1888ರ ಆಗಸ್ಟ್ ತಿಂಗಳಲ್ಲಿ, ಗಂಡನಿಗೆ ಹೇಳದೆ, ಹದಿಹರೆಯದ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮ್ಯಾನ್‌ಹೈಮಿನಿಂದ ತನ್ನ ತವರೂರು ಫೋರ್ಟ್ಸ್‌ಹೈಮಿಗೆ ಹೊರಟುಬಿಟ್ಟಳು. ಸುಮಾರು 105 ಕಿಲೋಮೀಟರ್. ಅದಕ್ಕೆ ಮೊದಲು ಯಾರೂ ಪೆಟ್ರೋಲ್ ಮೋಟಾರಿನಲ್ಲಿ ಅಷ್ಟು ದೂರ ಹೋಗಿರಲಿಲ್ಲ. ವೀಸ್ಲಾಕ್ ಊರಿನ ಔಷಧಿ ಅಂಗಡಿಯಲ್ಲಿ ಇಂಧನ ಕೊಂಡದ್ದು, ಇಂಧನದ ನಳಿಕೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಚುಚ್ಚಿ ಬಿಡಿಸಿದ್ದು, ಬ್ರೇಕಿನ ಮರದ ತುಂಡುಗಳಿಗೆ ಚಮ್ಮಾರನಿಂದ ತೊಗಲು ಹೊಡೆಸಿದ್ದು, ಏರಿನಲ್ಲಿ ಮಕ್ಕಳು ಇಳಿದು ತಳ್ಳಿದ್ದು, ಎಲ್ಲವೂ ಪ್ರಸಿದ್ಧವಾಗಿವೆ. ಅವಳ ಅನುಭವದಿಂದಲೇ ಏರು ಹತ್ತಲು ಇನ್ನೊಂದು ಗೇರ್ ಬೇಕೆಂಬುದು ಬೆಂಜ್‌ಗೆ ಖಚಿತವಾಯಿತು.

ನನ್ನ ಮನಸ್ಸು ಮಾತ್ರ ಆ ಮುಂದಿನ ಒಂಟಿ ಗಾಲಿಯ ಮೇಲೆಯೇ ನಿಂತಿತು. ಸಾರೋಟುಗಳು ತಿರುಗಾಡುವ ಮಣ್ಣಿನ ರಸ್ತೆಯಲ್ಲಿ ಎರಡು ಗಾಲಿಜಾಡುಗಳಿರುತ್ತವೆ. ನಾಲ್ಕು ಗಾಲಿಯ ಬಂಡಿಗೆ ಹಿಂದಿನವೂ ಮುಂದಿನವೂ ಅದೇ ಜಾಡಿನಲ್ಲಿ ಉರುಳುತ್ತವೆ. ಮೂರು ಗಾಲಿಯದಕ್ಕೆ ಹಿಂದಿನೆರಡು ಜಾಡಿನಲ್ಲಿದ್ದರೆ ಮುಂದಿನದು ನಡುವಿನಲ್ಲಿ, ಗೊರಸುಗಳು ಅಗೆದು ಕಲ್ಲೆಬ್ಬಿಸಿದ ಜಾಗದಲ್ಲಿ. ದಿಕ್ಕು ತೋರಬೇಕಾದ ಗಾಲಿಗೇ ಅತಿ ಕೆಟ್ಟ ದಾರಿ! ಸಾಲದ್ದಕ್ಕೆ, ಮೂರು ಕಾಲಿನ ಆಸರೆಯ ಮೇಲೆ ನಿಂತದ್ದು ಇಳಿಜಾರಿನ ತಿರುವಿನಲ್ಲಿ ಬ್ರೇಕು ಒತ್ತಿದರೆ ಮಗುಚಲು ಸುಲಭ. ಕೊಳ್ಳುವವರು ಬಂದಂತೆಲ್ಲ ನಾಲ್ಕು ಗಾಲಿಯ ಗಾಡಿ ಬೇಕೆಂಬ ಒತ್ತಾಯವೂ ಬೆಳೆಯಿತು. ಅತ್ತ ಗಾಟ್‌ಲೀಬ್ ಡೈಮ್ಲರ್ 1886ರಲ್ಲೇ ಸಾರೋಟೊಂದನ್ನು ಕೊಂಡು ಅದಕ್ಕೆ ಎಂಜಿನ್ ಇಟ್ಟಿದ್ದ. ಆದರೆ ಅದರ ಮುಂದಿನ ಅಚ್ಚು ಅದೇ ಹಳೆಯ ನಡುಗೀಲಿನದು, ಕುದುರೆಯಿಲ್ಲದ ಸಾರೋಟು.

ಇಲ್ಲಿಯವರೆಗೆ ಓದಿದವರಿಗೆ ಒಂದು ಆಶ್ಚರ್ಯ ಕಾದಿದೆ. ಬೆಂಜ್ ಹುಡುಕುತ್ತಿದ್ದ ಉತ್ತರ ಆಗಲೇ ನೂರಿಪ್ಪತ್ತು ವರ್ಷಕ್ಕೂ ಹಳೆಯದಾಗಿತ್ತು.

ಇಂಗ್ಲೆಂಡಿನ ಲಿಚ್‌ಫೀಲ್ಡ್ ಊರಿನಲ್ಲಿ ಎರಾಸ್ಮಸ್ ಡಾರ್ವಿನ್ ಎಂಬ ವೈದ್ಯನಿದ್ದ. ವಿಕಾಸವಾದದ ಚಾರ್ಲ್ಸ್ ಡಾರ್ವಿನ್‌ನ ತಾತ. ರೋಗಿಗಳನ್ನು ನೋಡಲು ವರ್ಷಕ್ಕೆ ಸಾವಿರಾರು ಮೈಲಿ ಗಾಡಿಯಲ್ಲಿ ಸುತ್ತಬೇಕಾಗಿತ್ತು. ನಡುಗೀಲಿನ ಅಚ್ಚು ಪೂರ್ತಿ ತಿರುಗಿದಾಗ ಮುಂದಿನ ಗಾಲಿಗಳೆರಡೂ ಒಡಲಿನ ಕೆಳಗೆ ಸರಿದು ಗಾಡಿಯ ಆಸರೆ ಕಿರಿದಾಗುವುದನ್ನೂ ಉರುಳುವುದನ್ನೂ ಆತ ಗಮನಿಸಿದ್ದ. 1750ರ ದಶಕದ ಕೊನೆಗೆ, ಅಚ್ಚನ್ನು ಕದಲಿಸದೆ ಅದರ ಎರಡು ತುದಿಗಳಲ್ಲಿ ಎರಡು ಕೀಲುಗಳನ್ನಿಟ್ಟು, ಗಾಲಿಗಳು ಮಾತ್ರ ಬೇರೆಬೇರೆ ಕೋನದಲ್ಲಿ ಓರೆಯಾಗುವ ಏರ್ಪಾಡನ್ನು ರೂಪಿಸಿದ. ಪರೀಕ್ಷೆಗೆ ಬೇರೆ ಯಾರನ್ನೂ ಕೂರಿಸಲಿಲ್ಲ, ತನ್ನ ಗಾಡಿಗೇ ಅಳವಡಿಸಿ ರೋಗಿಗಳ ಮನೆಗೆ ಹೋಗಿಬಂದ. ಆದರೆ ಗಾಡಿಗಳ ಮೇಲಿನ ಪ್ರಯೋಗಗಳು ಆತನಿಗೆ ಅಗ್ಗವಾಗಲಿಲ್ಲ. 1768ರಲ್ಲಿ ತಾನೇ ರೂಪಿಸಿದ ಗಾಡಿಯಿಂದ ಬಿದ್ದು ಮಂಡಿಚಿಪ್ಪು ಒಡೆದುಕೊಂಡು ಜೀವನಪರ್ಯಂತ ಕುಂಟಿದ. ಸ್ಟೀರಿಂಗ್ ವಿಚಾರವನ್ನು ಪೇಟೆಂಟ್ ಮಾಡಿಸಲೇ ಇಲ್ಲ.

ಸುಮಾರು ಅರವತ್ತು ವರ್ಷದ ಮೇಲೆ ಮ್ಯೂನಿಕ್‌ನ ಸಾರೋಟು ಕಟ್ಟುವ ಗೇಯಾರ್ಗ್ ಲಾಂಕೆನ್ಸ್‌ಪೆರ್ಗರ್ ಎಂಬಾತ ಸ್ವತಂತ್ರವಾಗಿ ಅದನ್ನೇ ಕಂಡುಹಿಡಿದ. 1818ರಲ್ಲಿ ಲಂಡನ್ನಿನಲ್ಲಿ ಆತನ ಪರವಾಗಿ ಪೇಟೆಂಟ್ ಪಡೆದವನು ರುಡಾಲ್ಫ್ ಆಕರ್ಮನ್ ಎಂಬ ಪುಸ್ತಕ ಹಾಗೂ ಚಿತ್ರಗಳ ಪ್ರಕಾಶಕ. ಇಂದಿಗೂ ಎಂಜಿನಿಯರಿಂಗ್ ಪುಸ್ತಕಗಳಲ್ಲಿ ಅದು "ಆಕರ್ಮನ್ ಸ್ಟೀರಿಂಗ್". ಕಟ್ಟಿದವನ ಹೆಸರು ಹೋಗಿ ಅರ್ಜಿ ಹಾಕಿದವನ ಹೆಸರು ಉಳಿಯಿತು. ನನ್ನ ಎಂಜಿನಿಯರ್ ಶಿಷ್ಯರು ಇನ್ನಾದರೂ ಆ ಬಡಗಿಯನ್ನು ಒಮ್ಮೆ ನೆನೆಯಲಿ. ಆಗಿನ ಸಾರೋಟು ತಯಾರಕರು ಅದನ್ನು ಒಪ್ಪಿಕೊಳ್ಳಲಿಲ್ಲ. ಕುದುರೆಗಳಿದ್ದಾಗ ಅದರ ಜರೂರು ಯಾರಿಗಿತ್ತು? ಮತ್ತೆ 1873ರಲ್ಲಿ ಫ್ರಾನ್ಸಿನ ಲ ಮಾನ್ ಊರಿನ ಗಂಟೆ ಎರಕ ಹೊಯ್ಯುವ ಆಮೆದೆ ಬೊಲೆ ಎಂಬಾತ ಹನ್ನೆರಡು ಜನ ಕೂರುವ ಹಬೆಯ ಗಾಡಿ ಕಟ್ಟಿ, ಪ್ರತಿಯೊಂದು ಮುಂಗಾಲಿಗೂ ಬೇರೆ ಕೀಲು ಕೊಟ್ಟ. ಗಾಡಿಗೆ ಆತನಿಟ್ಟ ಹೆಸರಿನ ಅರ್ಥ "ವಿಧೇಯೆ", ಹೇಳಿದ ಮಾತು ಕೇಳುವವಳು. 1875ರಲ್ಲಿ ಅದನ್ನು ಪ್ಯಾರಿಸ್‌ವರೆಗೆ 18 ಗಂಟೆಗಳಲ್ಲಿ ಓಡಿಸಿಕೊಂಡು ಹೋದ.

ಇಷ್ಟೆಲ್ಲ ಇದ್ದರೂ ಮ್ಯಾನ್‌ಹೈಮಿನ ಎಂಜಿನ್ ತಯಾರಕನಿಗೆ ಅದು ತಲುಪಿರಲಿಲ್ಲ. ಸಾರೋಟು ಕಟ್ಟುವವರ ತಿಳಿವಳಿಕೆ ಅವರ ಕೊಟ್ಟಿಗೆಯಲ್ಲಿ, ಎಂಜಿನ್ ಮಾಡುವವರದು ಅವರ ಕಾರ್ಖಾನೆಯಲ್ಲಿ. ಕೊನೆಗೆ 1891ರ ಸುಮಾರಿಗೆ ಸಾರೋಟು ವೃತ್ತಿಯ ಪತ್ರಿಕೆಯೊಂದರಲ್ಲಿ ಬಂದ ಲೇಖನ ಬೆಂಜ್‌ನ ಕಣ್ಣಿಗೆ ಬಿತ್ತು. 1893ರ ಫೆಬ್ರವರಿ 28ರಂದು ಆತನ ಸ್ಟೀರಿಂಗ್ ಪೇಟೆಂಟ್ ದಾಖಲಾಯಿತು, ಸಂಖ್ಯೆ 73515. ಅಚ್ಚಿನ ತುದಿಗಳಲ್ಲಿ ಗಿಡ್ಡನೆಯ ತುಂಡು ಅಚ್ಚುಗಳು, ಅವುಗಳನ್ನು ಜೋಡಿಸುವ ಸರಳು. ಕಲ್ಲಿನ ಹೊಡೆತಕ್ಕೆ ಈಗ ಸಿಗುವ ಸನ್ನೆಗೋಲು ಅಚ್ಚಿನ ಅರ್ಧದುದ್ದವಲ್ಲ, ಒಂದು ಗೇಣಿಗೂ ಕಡಿಮೆ. ಆ ವರ್ಷ ಹೊರಬಂದ ನಾಲ್ಕು ಗಾಲಿಯ ಕಾರಿಗೆ "ವಿಕ್ಟೋರಿಯಾ" ಎಂದು ಹೆಸರಾಯಿತು. ಅದು ಒಂದು ಬಗೆಯ ಸಾರೋಟಿನ ಹೆಸರೂ ಹೌದು. ಸ್ಟೀರಿಂಗ್ ಗೆದ್ದ ಸಂತೋಷದಲ್ಲಿ "ವಿಜಯ!" ಎಂಬರ್ಥದಲ್ಲಿ ಬೆಂಜ್ ಇಟ್ಟ ಹೆಸರೆಂದೂ ಹೇಳುವುದುಂಟು.

ಮರುವರ್ಷ, 1894ರ ಜುಲೈನಲ್ಲಿ, ಬೊಹೀಮಿಯಾದ ಥಿಯೊಡೋರ್ ಫಾನ್ ಲೀಬಿಗ್ ಎಂಬ ಯುವಕ ವಿಕ್ಟೋರಿಯಾವನ್ನು ಓಡಿಸಿಕೊಂಡು ತನ್ನೂರಿನಿಂದ ಮ್ಯಾನ್‌ಹೈಮಿಗೂ ಅಲ್ಲಿಂದ ಮೋಸೆಲ್ ನದಿಯ ದಂಡೆಯ ಗೊಂಡೋರ್ಫ್‌ಗೂ ಹೋದ. ಸುಮಾರು 940 ಕಿಲೋಮೀಟರ್. ನೂರು ಕಿಲೋಮೀಟರಿಗೆ 21 ಲೀಟರ್ ಪೆಟ್ರೋಲ್, ಎಂಜಿನ್ ತಣಿಸಲು 150 ಲೀಟರ್ ನೀರು! ನೀರು ಕುಡಿಸುವುದರಲ್ಲಿ ಕುದುರೆಗಿಂತ ಮೇಲೇನಲ್ಲ, ಆದರೆ ದಾರಿಯುದ್ದಕ್ಕೂ ಮುಂದಿನ ಗಾಲಿಗಳು ಮಾತು ಕೇಳಿದವು.

ಕೈಯಲ್ಲಿ ಹಿಡಿಯುವ ಸಾಧನದ ಕಥೆ ಇನ್ನೂ ಮುಗಿದಿರಲಿಲ್ಲ. ಬಹುತೇಕ ಕಾರುಗಳಿಗೆ ದೋಣಿಯ ಚುಕ್ಕಾಣಿಯಂಥ ಕೋಲೇ ಇತ್ತು. 1894ರ ಪ್ಯಾರಿಸ್–ರುವಾನ್ ಓಟದಲ್ಲಿ ಆಲ್ಫ್ರೆಡ್ ವಾಶರಾನ್ ತನ್ನ ಪಾನಾರ್ ಕಾರಿಗೆ ದುಂಡನೆಯ ಚಕ್ರ ಹಾಕಿಕೊಂಡು ಬಂದ. ಹೆಚ್ಚು ಜನ ಅದನ್ನು ಗಮನಕ್ಕೆ ತೆಗೆದುಕೊಳ್ಳಲಿಲ್ಲ. ಪಾನಾರ್ ಕಂಪನಿಯ ಎಮಿಲ್ ಲೆವಾಸೋರ್ ಅಪ್ರತಿಮ ಚಾಲಕ. 1895ರಲ್ಲಿ ಪ್ಯಾರಿಸ್–ಬೋರ್ಡೋ–ಪ್ಯಾರಿಸ್ ದಾರಿಯ 1178 ಕಿಲೋಮೀಟರನ್ನು 48 ಗಂಟೆ 48 ನಿಮಿಷಗಳಲ್ಲಿ ಬಹುಪಾಲು ತಾನೊಬ್ಬನೇ ಓಡಿಸಿದ್ದ. ಅದೂ ಕೋಲು ಹಿಡಿದೇ. 1896ರ ಪ್ಯಾರಿಸ್–ಮಾರ್ಸೇ ಓಟದಲ್ಲಿ ಅಡ್ಡ ಬಂದ ನಾಯಿಯನ್ನು ತಪ್ಪಿಸಲು ಹೋಗಿ ಕಾರಿನಿಂದ ಎಸೆಯಲ್ಪಟ್ಟ. ಚೇತರಿಸಿಕೊಳ್ಳಲೇ ಇಲ್ಲ, 1897ರ ಏಪ್ರಿಲಿನಲ್ಲಿ ತೀರಿಕೊಂಡ. ಕೆಲವೇ ವರ್ಷಗಳಲ್ಲಿ ಕೋಲು ಹೋಗಿ ಎಲ್ಲೆಡೆ ಚಕ್ರ ಬಂದಿತು. ಹಲ್ಲುಗಾಲಿಗಳ ಮೂಲಕ ಕೆಲಸ ಮಾಡುವ ಚಕ್ರ, ಕೈಯ ದೊಡ್ಡ ಚಲನೆಯನ್ನು ಗಾಲಿಯ ಸಣ್ಣ ಚಲನೆಯಾಗಿಸುತ್ತದೆ. ಗಾಬರಿಯಲ್ಲಿ ಎಳೆದ ಕೈಯನ್ನು ಅಷ್ಟರಮಟ್ಟಿಗೆ ಅದು ಕ್ಷಮಿಸುತ್ತದೆ.

ಈಗ ನನ್ನ ಸಾಲದ ಮಾತು. 1978ರ ಆ ತರಗತಿಯವರು ಈಗ ಅರವತ್ತು ದಾಟಿದ್ದೀರಿ. ಮೂರನೆಯ ಬೆಂಚಿನ ಆ ಹುಡುಗನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ, ಅಂದು ನಕ್ಕವರಿಗೆ ನೆನಪಿದ್ದೀತು. ಅವನ ತಂದೆಯ ಅಂಗಳದಲ್ಲಿ ಗಾಲಿಗೆ ಕಬ್ಬಿಣದ ಪಟ್ಟಿ ಕಾಯಿಸಿ ಹಾಕುವುದನ್ನು ನೋಡಲು ನಾನೂ ಎಷ್ಟೋ ಸಂಜೆ ನಿಂತಿದ್ದೆ; ಒಂದು ದಿನವಾದರೂ ಒಂದು ಮಾತು ಕೇಳಿರಲಿಲ್ಲ. ಅವನ ವಿಳಾಸ ಬಲ್ಲವರು ದಯವಿಟ್ಟು ಈ ಬರಹವನ್ನು ಅವನಿಗೆ ತಲುಪಿಸಿ. ಹಳೆಯ ನೋಟ್ ಪುಸ್ತಕ ಇನ್ನೂ ಉಳಿದಿದ್ದರೆ ನನ್ನ ಉತ್ತರವನ್ನು ಹೊಡೆದುಹಾಕಿ ಅವನು ಅಂದು ಹೇಳಿದ್ದನ್ನೇ ಬರೆದುಕೊಳ್ಳಲಿ. ಪೂರ್ತಿ ಅಂಕ ಕೊಟ್ಟಿದ್ದೇನೆ.